ಬಾಯ್ಲರ್ ನೀರು ಚೆಲ್ಲದೆ ಇಡೀ ಸೀಸನ್ ಓಡಿಸಿದೆವು: ನನ್ನ ಅನುಭವ

ಕಳೆದ ಸೀಸನ್‌ನಲ್ಲಿ ನಮ್ಮ ಹಳೇ ಉಗಿ ಇಂಜಿನ್ 28 ದಿನ ಪ್ರವಾಸದ ರೈಲು ಎಳೆಯಿತು. ಅಷ್ಟೂ ದಿನ ಬಾಯ್ಲರ್ ಖಾಲಿ ಮಾಡಲಿಲ್ಲ. ಒಳಗೆ ತೊಳೆಯಲು ತೆಗೆಯುವ ವಾಶೌಟ್ ಪ್ಲಗ್ ಒಂದನ್ನೂ ಬಿಚ್ಚಲಿಲ್ಲ. ಸೀಸನ್ ಮುಗಿದ ಮೇಲೆ ಬಿಚ್ಚಿ, ಟಾರ್ಚ್ ಹಾಕಿ ನೋಡಿದರೆ, ಬೆಂಕಿಯ ಬಿಸಿ ಹೊಗೆ ಹಾಯುವ ಟ್ಯೂಬ್‌ಗಳ ಮೇಲೆ ಸುಣ್ಣ ಕಟ್ಟಿರಲೇ ಇಲ್ಲ. ಕಪ್ಪಗೆ, ನುಣ್ಣಗೆ ಇದ್ದವು. ಬಾಯ್ಲರ್ ಇನ್‌ಸ್ಪೆಕ್ಟರ್ ಒಳಗೆ ಬೆರಳು ಹಾಕಿ ಒರೆಸಿ ನೋಡಿದರು. "ಟ್ಯೂಬ್ ಈ ವರ್ಷ ಬದಲಾಯಿಸಿದ್ರಾ?" ಅಂತ ಕೇಳಿದರು. ಬದಲಾಯಿಸಿ ಆರು ಸೀಸನ್ ಆಗಿತ್ತು.

ಆ ಮಾತು ಕೇಳಲು ನಾನು ಮೂರು ವರ್ಷ ಕಾದಿದ್ದೆ. ಬಾಯ್ಲರ್ ನೀರಿಗೆ ಔಷಧಿ ಹಾಕಿ ನೋಡೋಣ ಅಂತ ಶುರು ಮಾಡಿದಾಗ ನಮ್ಮ ಶೆಡ್‌ನಲ್ಲಿ ನನ್ನ ಪರ ಇದ್ದವನು ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮ್ಯಾನ್ ಒಬ್ಬನೇ.

ಪ್ರವಾಸದ ಇಂಜಿನ್‌ಗಳ ಪಾಡು ನಿಮಗೆ ಗೊತ್ತೇ ಇದೆ. ದಿನವೂ ದುಡಿಯುವ ಕಾಲದಲ್ಲಿ ಇಂಜಿನ್ ದಿನಗಟ್ಟಲೆ ಬಿಸಿಯಾಗೇ ಇರುತ್ತಿತ್ತು. ಈಗ ವಾರದಲ್ಲಿ ಎರಡು ದಿನ ಬಿಸಿ, ಐದು ದಿನ ತಣ್ಣಗೆ. ಪ್ರತಿ ವಾರ ಹಿಗ್ಗಬೇಕು, ಕುಗ್ಗಬೇಕು. ಸುಮ್ನೆ ನಿಂತ ಐದು ದಿನದಲ್ಲಿ ನೀರಿನಲ್ಲಿರುವ ಆಮ್ಲಜನಕ ಉಕ್ಕನ್ನು ಚುಚ್ಚಿ ಚುಚ್ಚಿ ಗುಳಿ ಮಾಡುತ್ತದೆ. ಅದರ ಮೇಲೆ ಎಂಟು ಹತ್ತು ದಿನದ ಓಟಕ್ಕೊಂದು ವಾಶೌಟ್. ಬಿಸಿ ಬಾಯ್ಲರ್ ತಣಿಸಿ, ನೀರು ಬಿಟ್ಟು, ತಣ್ಣೀರು ಹಾಯಿಸಿ, ಮತ್ತೆ ಬೆಂಕಿ. ಓಡಿ ಸವೆಯುವುದಕ್ಕಿಂತ ಈ ಉಪಚಾರದಲ್ಲೇ ನಮ್ಮ ಇಂಜಿನ್ ಜಾಸ್ತಿ ಸವೆಯುತ್ತಿತ್ತು ಅನ್ನುವುದು ನನ್ನ ನಂಬಿಕೆ.

ಹಣದ ಮಾತನ್ನು ಟಿಕೆಟ್ ಲೆಕ್ಕದಲ್ಲೇ ಹೇಳುತ್ತೇನೆ. ನಮ್ಮ ಪುಸ್ತಕದಲ್ಲೂ ಹಾಗೇ ಬರೆದುಕೊಳ್ಳುತ್ತೇವೆ. ಮೂರು ಬೋಗಿ, ಬೋಗಿಗೆ 56 ಸೀಟು. ದಿನಕ್ಕೆ ಎರಡು ಟ್ರಿಪ್. ಚೆನ್ನಾಗಿ ತುಂಬಿದರೆ ಸುಮಾರು 300 ಟಿಕೆಟ್ ಹೋಗುತ್ತವೆ. ಅದರಲ್ಲಿ 110 ಟಿಕೆಟ್ ಕಲ್ಲಿದ್ದಲಿಗೆ. ಒಂದು ವಾಶೌಟ್‌ಗೆ ಕೂಲಿ, ಗ್ಯಾಸ್ಕೆಟ್, ಮತ್ತೆ ಉಗಿ ಏರಿಸುವ ಕಲ್ಲಿದ್ದಲು ಎಲ್ಲ ಸೇರಿ 60 ಟಿಕೆಟ್. ಕೆಲಸ ತಡವಾಗಿ ಶನಿವಾರದ ಓಟ ತಪ್ಪಿದರೆ ಆ ದಿನದ ಆದಾಯವೂ ಹೋಯಿತು. ಇವೆಲ್ಲ ಹೇಗೋ ತಡೆದುಕೊಳ್ಳಬಹುದು. ಟ್ಯೂಬ್ ಸೆಟ್ ಬದಲಾಯಿಸುವುದಿದೆಯಲ್ಲ, ಅದಕ್ಕೆ ಹೆಚ್ಚುಕಡಿಮೆ 5,000 ಟಿಕೆಟ್. ಹಿಂದಿನ ಸೆಟ್ ನಾಲ್ಕನೇ ಸೀಸನ್‌ಗೇ ಫೈರ್‌ಬಾಕ್ಸ್ ಕಡೆ, ಅಂದರೆ ಬೆಂಕಿ ಉರಿಯುವ ಪೆಟ್ಟಿಗೆಯ ಕಡೆ, ಸೋರತೊಡಗಿತ್ತು. ಟ್ಯೂಬಿನ ಬಾಯಿ ಹಿಗ್ಗಿಸುವ ಎಕ್ಸ್‌ಪ್ಯಾಂಡರ್ ಹಾಕಿ ಬಿಗಿ ಮಾಡಿದ್ದನ್ನೇ ಮತ್ತೆ ಮತ್ತೆ ಬಿಗಿ ಮಾಡಿದೆವು. ಕೊನೆಗೆ ಅದೂ ಆಗಲಿಲ್ಲ. ಹೊಸ ಸೆಟ್‌ಗೆ ಹಣ ಹೊಂದಿಸಲು ಒಂದೂವರೆ ವರ್ಷ ಬೇಕಾಯಿತು. ಅಷ್ಟು ದಿನ ಇಂಜಿನ್ ಟಾರ್ಪಾಲಿನ್ ಹೊದ್ದು ನಿಂತಿತ್ತು. ಅದನ್ನು ನೋಡಿಕೊಂಡು ದಿನಾ ಶೆಡ್‌ಗೆ ಬರುವುದು ನನ್ನಿಂದ ಆಗುತ್ತಿರಲಿಲ್ಲ.

ನಾನು ಹಿಡಿದ ದಾರಿ ನನ್ನ ಸ್ವಂತದ್ದಲ್ಲ. ಫ್ರಾನ್ಸ್‌ನಲ್ಲಿ ಲೂಯಿ ಆರ್ಮಾಂಡ್ ಟಿಐಎ ಅನ್ನುವ ನೀರಿನ ಉಪಚಾರ ತಂದರು. ನೀರನ್ನು ಕ್ಷಾರ ಮಾಡುವ ಸೋಡಾ ಪುಡಿ, ಮರದ ತೊಗಟೆಯಿಂದ ಬರುವ ಟ್ಯಾನಿನ್, ನೊರೆ ತಡೆಯುವ ಔಷಧಿ, ಈ ಮೂರು ಅದರ ಜೀವ. ಅರ್ಜೆಂಟೀನಾದ ಇಂಜಿನಿಯರ್ ಲಿವಿಯೋ ದಾಂತೆ ಪೋರ್ಟಾ ಅದನ್ನು ಇನ್ನೂ ಮುಂದೆ ಒಯ್ದರು. ನೀರಿನಲ್ಲಿ ಕರಗಿದ ಉಪ್ಪು ಎಷ್ಟಾದರೂ ಏರಲಿ, ಕ್ಷಾರ ಜಾಸ್ತಿ ಇರಲಿ, ನೊರೆಯನ್ನು ಮಾತ್ರ ಏಳಲು ಬಿಡಬೇಡಿ. ಪೋರ್ಟಾ ಹೇಳಿದ್ದರ ಸಾರ ಇಷ್ಟು. ನಮ್ಮ ಶೆಡ್‌ನ ಪದ್ಧತಿ ಇದಕ್ಕೆ ತದ್ವಿರುದ್ಧ. ಟಿಡಿಎಸ್, ಅಂದರೆ ಕರಗಿದ ಉಪ್ಪು, ಲೀಟರ್‌ಗೆ 3,000 ಮಿಲಿಗ್ರಾಂ ಮುಟ್ಟಿತೋ, ಬಾಯ್ಲರ್ ತಳದಿಂದ ನೀರು ಬಿಡುವ ಬ್ಲೋಡೌನ್ ವಾಲ್ವ್ ಎಳೆ. ಬಿಸಿ ನೀರನ್ನು, ಅಂದರೆ ಸುಟ್ಟ ಕಲ್ಲಿದ್ದಲನ್ನು, ಹಳಿ ಪಕ್ಕ ಚೆಲ್ಲು.

ನಾನು 15,000ದವರೆಗೆ ಬಿಡುತ್ತೇನೆ ಅಂದಾಗ ಎಲ್ಲರೂ ಮೂಗು ಮುರಿದರು. "ಬಾಯ್ಲರ್‌ನಲ್ಲಿ ಬಟ್ಟೆ ಒಗೀತೀಯೇನಪ್ಪಾ?" ಅಂದರು ನಮ್ಮ ಹಿರಿಯ ಡ್ರೈವರ್. ಇನ್ನೊಬ್ಬರು ರಿವೆಟ್ ಹಾಕಿದ ಜೋಡಣೆಗಳಲ್ಲಿ ಕ್ಷಾರ ಸೇರಿಕೊಂಡು ಉಕ್ಕು ಬಿರುಕು ಬಿಡುತ್ತದೆ ಅಂತ ಎಚ್ಚರಿಸಿದರು. ಅವರ ಮಾತಿನಲ್ಲಿ ಹುರುಳಿತ್ತು. ಅದಕ್ಕೇ ರಿವೆಟ್ ಸಾಲಿನಲ್ಲಿ ಒಂದು ಹನಿ ಸೋರಿದರೂ ಓಡಿಸುವುದಿಲ್ಲ ಅಂತ ನಿಯಮ ಮಾಡಿಕೊಂಡೆ. ಆ ಬಿರುಕು ತಡೆಯಲು ಸೋಡಿಯಂ ನೈಟ್ರೇಟ್ ಕೂಡ ಸೇರಿಸಿದೆ. ಇದನ್ನು ಇಂದಿಗೂ ಬಿಟ್ಟಿಲ್ಲ.

ಮೊದಲ ವರ್ಷ ಎಲ್ಲ ತಪ್ಪೂ ಮಾಡಿದೆ. ಸೋಡಾ ಹಾಕಿದ ಮೂರನೇ ವಾರಕ್ಕೇ ಹಳೇ ಸುಣ್ಣ ಚಕ್ಕೆ ಚಕ್ಕೆಯಾಗಿ ಕಳಚತೊಡಗಿತು. ಒಳ್ಳೇದಾಯಿತು ಅಂತ ಖುಷಿಪಟ್ಟೆ. ಆ ಚಕ್ಕೆಗಳೆಲ್ಲ ಫೈರ್‌ಬಾಕ್ಸ್ ಸುತ್ತಲಿನ ನೀರಿನ ಸಂದಿಗೆ ಇಳಿದು ಕೂತವು. ಬ್ಲೋಡೌನ್ ವಾಲ್ವ್ ತೆರೆದರೆ ಬರೀ ಹಿಸ್ ಅನ್ನುತ್ತಿತ್ತು. ಬಿಚ್ಚಿ ನೋಡಿದರೆ ಮೂಲೆಗಳಲ್ಲಿ ಗೇಣುದ್ದ ಕೆಸರು, ಅದರ ಮೇಲೆ ಚಕ್ಕೆ. ಇನ್ನೆರಡು ವಾರ ಹಾಗೇ ಓಡಿಸಿದ್ದರೆ ಅಲ್ಲಿ ತಗಡು ಸುಡುತ್ತಿತ್ತು. ಇಷ್ಟೇ ಸಾಲದು ಅಂತ, ಸುಣ್ಣ ಮುಚ್ಚಿಕೊಂಡಿದ್ದ ಸೋರಿಕೆಗಳೆಲ್ಲ ತೆರೆದವು. ಫೈರ್‌ಬಾಕ್ಸ್ ತಗಡನ್ನು ಹಿಡಿದಿಡುವ ಐದಾರು ಸ್ಟೇ ಬೋಲ್ಟ್, ಎರಡು ಪ್ಲಗ್, ಒಂದು ಗೇಜ್ ಕಾಕ್. ಸೋರಿದ ಕಡೆಯೆಲ್ಲ ಬಿಳಿ ಉಪ್ಪು ಹರಳುಗಟ್ಟಿತ್ತು. ಶೆಡ್‌ನಲ್ಲಿ ಎಲ್ಲರೂ ನನ್ನ ಕಡೆ ನೋಡಿದರು. ಆ ವರ್ಷ ನಾಲ್ಕು ವಾಶೌಟ್ ಮಾಡಿದೆವು. ಹಳೇ ಪದ್ಧತಿಗಿಂತ ಒಂದು ಜಾಸ್ತಿಯೇ. ರಿಪೇರಿಯೆಲ್ಲ ಸೇರಿ 700 ಟಿಕೆಟ್ ಖರ್ಚು.

ನೀವು ಶುರು ಮಾಡುವುದಾದರೆ ಮೊದಲು ಹಳೇ ಸುಣ್ಣವನ್ನು ಪೂರ್ತಿ ಕೆರೆದು ತೆಗೆಯಿರಿ. ಇಲ್ಲದಿದ್ದರೆ ಮೊದಲ ಸೀಸನ್ ಅದಕ್ಕೇ ಹೋಗುತ್ತದೆ.

ಎರಡನೇ ವರ್ಷ ನೊರೆಯ ಸರದಿ. ಟಿಡಿಎಸ್ 8,000 ದಾಟಿತ್ತು. ಏರಿನಲ್ಲಿ ಡ್ರೈವರ್ ಸಿಲಿಂಡರ್‌ಗೆ ಉಗಿ ಬಿಡುವ ರೆಗ್ಯುಲೇಟರ್ ಇನ್ನಷ್ಟು ತೆರೆದರು. ಬಾಯ್ಲರ್ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸ್‌ನಲ್ಲಿ ನೀರು ಸರ್ರನೆ ಮೇಲೇರಿ ಮಾಯವಾಯಿತು. ಚಿಮಣಿಯಿಂದ ಉಗಿಯ ಜೊತೆ ಕಂದು ನೀರು ಚಿಮ್ಮಿತು. ಸಿಲಿಂಡರ್‌ನಲ್ಲಿ ಡಬ್ ಡಬ್ ಸದ್ದು. ಡ್ರೈವರ್ ಕೂಡಲೇ ಸಿಲಿಂಡರ್‌ನ ನೀರು ಬಿಡುವ ಕಾಕ್ ತೆರೆದು ರೆಗ್ಯುಲೇಟರ್ ಮುಚ್ಚಿದರು. ಆಗ ನೊರೆ ಕುಸಿದು ನಿಜವಾದ ಮಟ್ಟ ಕಂಡಿತು. ಗ್ಲಾಸಿನ ತಳದಲ್ಲಿ ಬೆರಳಗಲ ನೀರು. ಎದೆ ಝಲ್ಲೆಂದಿತು. ಬಾಯ್ಲರ್‌ಗೆ ನೀರು ತಳ್ಳುವ ಎರಡೂ ಇಂಜೆಕ್ಟರ್ ಹಾಕಿ ಹತ್ತು ನಿಮಿಷ ನಿಂತೆವು. ಸಿಲಿಂಡರ್ ಕವರ್ ಒಡೆಯಲಿಲ್ಲ, ಅದು ನಮ್ಮ ಪುಣ್ಯ. ಮೊದಲ ಬೋಗಿಯ ಕಿಟಕಿಯಲ್ಲಿದ್ದವರ ಬಟ್ಟೆಯ ಮೇಲೆಲ್ಲ ಕಂದು ಚುಕ್ಕೆ. 56 ಟಿಕೆಟ್ ಹಣ ವಾಪಸ್ ಕೊಟ್ಟೆವು. ಬಟ್ಟೆ ಒಗೆಸಿದ ಖರ್ಚು ಬೇರೆ.

ತಪ್ಪು ಎಲ್ಲಿತ್ತು ಅಂತ ಹುಡುಕಲು ಎರಡು ತಿಂಗಳು ಹಿಡಿಯಿತು. ಎರಡು ತಪ್ಪು ಸಿಕ್ಕವು.

ಮೊದಲನೆಯದು ಅಳತೆ. ಗೇಜ್ ಗ್ಲಾಸ್‌ನ ಡ್ರೈನ್‌ನಿಂದ ನೇರವಾಗಿ ಡಬ್ಬಿಗೆ ನೀರು ಹಿಡಿಯುತ್ತಿದ್ದೆ. ಚದರ ಸೆಂಟಿಮೀಟರ್‌ಗೆ 12 ಕೆಜಿ ಒತ್ತಡದ ನೀರು ಹೊರಗೆ ಬಂದ ಕ್ಷಣವೇ ಅದರಲ್ಲಿ ಆರರಲ್ಲಿ ಒಂದು ಪಾಲು ಉಗಿಯಾಗಿ ಹಾರಿಹೋಗುತ್ತದೆ. ಉಪ್ಪೆಲ್ಲ ಉಳಿದ ನೀರಿನಲ್ಲೇ ಇರುತ್ತದೆ. ಹಾಗಾಗಿ ಅಳತೆ ಯಾವಾಗಲೂ ಹೆಚ್ಚು ತೋರಿಸುತ್ತಿತ್ತು. ಅದೂ ಪ್ರತಿ ಸಲ ಬೇರೆ ಬೇರೆ. ಕ್ಷಾರದ ಪರೀಕ್ಷೆ ಇನ್ನೂ ಕೆಟ್ಟದಾಗಿತ್ತು. ಟ್ಯಾನಿನ್‌ನಿಂದ ನೀರು ಕಂದು. ಕ್ಷಾರದಲ್ಲಿ ಗುಲಾಬಿಯಾಗುವ ಫಿನಾಲ್ಫ್ಥಲೀನ್ ಹಾಕಿ ಹನಿ ಹನಿ ಆಮ್ಲ ಸೇರಿಸುತ್ತಾ ಹೋದರೆ, ಆ ಬಣ್ಣ ಯಾವಾಗ ಹೋಯಿತು ಅಂತ ಕಾಣುವುದೇ ಇಲ್ಲ. ಈಗ ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿ ಬಕೆಟ್ ತಣ್ಣೀರಿನಲ್ಲಿ ಮುಳುಗಿಸಿಟ್ಟು, ಅದರ ಮೂಲಕ ನೀರು ತೆಗೆಯುತ್ತೇನೆ. ಒಂದು ಪಾಲಿಗೆ ಒಂಬತ್ತು ಪಾಲು ಬಟ್ಟಿ ಇಳಿಸಿದ ನೀರು ಸೇರಿಸಿ ಅಳೆಯುತ್ತೇನೆ. ಬಣ್ಣವೂ ಕಾಣುತ್ತದೆ, ಸಾಮಾನ್ಯ ಟಿಡಿಎಸ್ ಮೀಟರ್‌ನ ಅಳತೆಯೊಳಗೂ ಬರುತ್ತದೆ. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನ ಸಾಮಾನು ಈ ಕೊಳವೆ. ಅತಿ ಹೆಚ್ಚು ಉಪಕಾರ ಮಾಡಿದ್ದೂ ಅದೇ.

ಎರಡನೆಯದು ನೊರೆ ತಡೆಯುವ ಔಷಧಿ. ಅದು ದಿನ ಕಳೆದಂತೆ ಬಾಯ್ಲರ್ ಒಳಗೇ ಮುರಿದು ಬಲ ಕಳೆದುಕೊಳ್ಳುತ್ತದೆ. ವಾರಕ್ಕೊಮ್ಮೆ ಟೆಂಡರ್‌ಗೆ, ಅಂದರೆ ಇಂಜಿನ್ ಹಿಂದಿನ ನೀರಿನ ಗಾಡಿಗೆ, ಸುರಿದರೆ ಸಾಲದು. ನಡುವೆ ಹರಳೆಣ್ಣೆಯನ್ನೂ ಹಾಕಿ ನೋಡಿದೆ. ಹಿಂದೆ ಅದನ್ನು ಬಳಸುತ್ತಿದ್ದರು ಅಂತ ಹಿರಿಯರೊಬ್ಬರು ಹೇಳಿದ್ದರು. ಮೊದಲ ಅರ್ಧ ಗಂಟೆ ನೀರು ಕನ್ನಡಿಯಂತೆ ನಿಂತಿತು. ಆಮೇಲೆ ಆ ಕ್ಷಾರದಲ್ಲಿ ಎಣ್ಣೆಯೇ ಸಾಬೂನಾಗಿ ನೊರೆ ಇಮ್ಮಡಿಯಾಯಿತು. ಶೆಡ್‌ನಲ್ಲಿ ನಿಂತಲ್ಲೇ ಮಾಡಿದ ಪ್ರಯೋಗ ಅದು, ರೈಲು ಕಟ್ಟಿರಲಿಲ್ಲ.

ಈಗ ಯಾವ ಔಷಧಿ, ಎಷ್ಟು, ಓಟದ ಯಾವ ಹೊತ್ತಿನಲ್ಲಿ ಹಾಕುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎರಡು ಸೀಸನ್ ಸುಟ್ಟು ಕಲಿತದ್ದು ಅದು. ಶೆಡ್‌ಗೆ ಬಂದು ಒಂದು ದಿನ ಜೊತೆಗೆ ಕೆಲಸ ಮಾಡಿದವರಿಗೆ ತೋರಿಸುತ್ತೇನೆ. ಇಷ್ಟು ಮಾತ್ರ ಹೇಳಬಲ್ಲೆ: ಬೆಳಿಗ್ಗೆ ಒಂದೇ ಸಲ ಹಾಕುವುದಲ್ಲ.

ಟ್ಯಾನಿನ್ ವಿಷಯದಲ್ಲೂ ಒಂದಷ್ಟು ಅಲೆದಾಡಿದೆ. ಹಿಂದಿನವರು ಬಾಯ್ಲರ್‌ಗೆ ಆಲೂಗಡ್ಡೆ, ಮರದ ತೊಗಟೆ ಎಲ್ಲ ಹಾಕುತ್ತಿದ್ದರು. ಅವರು ದಡ್ಡರಲ್ಲ. ತೊಗಟೆಯ ಒಗರೇ ಟ್ಯಾನಿನ್. ಅದು ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ, ಕೆಸರು ಗಟ್ಟಿಯಾಗದಂತೆ ಸಡಿಲ ಇಡುತ್ತದೆ, ಉಕ್ಕಿನ ಮೇಲೆ ತೆಳುವಾದ ಕಪ್ಪು ಪದರ ಕಟ್ಟುತ್ತದೆ. ಇನ್ಸ್‌ಪೆಕ್ಟರ್ ಕಂಡಿದ್ದು ಆ ಪದರವನ್ನೇ. ಹಣ ಉಳಿಸೋಣ ಅಂತ ನಾನೇ ತೊಗಟೆ ಬೇಯಿಸಿ ಕಷಾಯ ಮಾಡಿದೆ. ಮೂರು ಸಲ ಬಟ್ಟೆಯಲ್ಲಿ ಸೋಸಿದೆ. ಆದರೂ ಅದರ ಅಂಟು ಟೆಂಡರ್‌ನ ಜಾಲರಿಗೆ ಕಟ್ಟಿಕೊಂಡು ಇಂಜೆಕ್ಟರ್ ನೀರೆಳೆಯುವುದನ್ನೇ ಬಿಟ್ಟಿತು. ಆಮೇಲೆ ಚರ್ಮ ಹದ ಮಾಡುವವರು ಬಳಸುವ ಟ್ಯಾನಿನ್ ಪುಡಿಗೇ ಬಂದೆ. ಬಣ್ಣ ನೋಡಿಯೇ ಪ್ರಮಾಣ ಹೇಳಬಹುದು. ಕಡು ಚಹಾದಂತಿದ್ದರೆ ಸರಿ. ಬಣ್ಣ ತಿಳಿಯಾಯಿತು ಅಂದರೆ ಟ್ಯಾನಿನ್ ಮುಗಿಯುತ್ತಾ ಬಂತು ಅಂತ ಅರ್ಥ.

ಮಳೆ ನೀರಿನ ಪ್ರಯೋಗ ಅರ್ಧ ಗೆದ್ದಿತು. ಶೆಡ್ ಸೂರಿನ ನೀರನ್ನು ತೊಟ್ಟಿಗೆ ತಿರುಗಿಸಿದೆ. ಗಡಸುತನ ಇಲ್ಲವೇ ಇಲ್ಲ, ಸೋಡಾ ಅರ್ಧಕ್ಕಿಂತ ಕಡಿಮೆ ಸಾಕು. ಆದರೆ ದಿನಕ್ಕೆ ನಮಗೆ 7,500 ಲೀಟರ್ ಬೇಕು. ತೊಟ್ಟಿ ಆರು ಓಟಕ್ಕೇ ಬರಿದಾಯಿತು. ದೊಡ್ಡ ತೊಟ್ಟಿ ಕಟ್ಟಿಸಬೇಕು ಅಂತ ಈಗಲೂ ಆಸೆಯಿದೆ.

ಮೂರನೇ ವರ್ಷ, ಅಂದರೆ ಕಳೆದ ಸೀಸನ್, ಎಲ್ಲ ಕೂಡಿ ಬಂತು. ನೆನಪಿನಿಂದ ಹೇಳುತ್ತೇನೆ, ಪುಸ್ತಕ ಶೆಡ್‌ನಲ್ಲಿದೆ. ಬಾಯ್ಲರ್‌ನಲ್ಲಿ ಸುಮಾರು 4,500 ಲೀಟರ್ ನೀರು ಹಿಡಿಯುತ್ತದೆ. ಟಿಡಿಎಸ್ ದಿನಕ್ಕೆ 500, 600 ಏರುತ್ತಾ ಹೋಯಿತು. ಸೀಸನ್ ಕೊನೆಗೆ 15,000 ಆಸುಪಾಸು. ಪಿಎಚ್ 11ರ ಮೇಲೇ ಇತ್ತು. ಬ್ಲೋಡೌನ್ ಪೂರ್ತಿ ನಿಲ್ಲಿಸಲಿಲ್ಲ. ಬೆಳಿಗ್ಗೆ ಕೆಸರು ತಳದಲ್ಲಿ ಕೂತಿರುವಾಗ ಎರಡು ಮೂರು ಸೆಕೆಂಡ್ ಮಾತ್ರ ಎಳೆಯುತ್ತೇವೆ. ಕಲ್ಲಿದ್ದಲು ದಿನಕ್ಕೆ 1,200 ಕೆಜಿ ಹೋಗುತ್ತಿದ್ದದ್ದು 1,050ಕ್ಕೆ ಇಳಿಯಿತು. ಟಿಕೆಟ್ ಲೆಕ್ಕದಲ್ಲಿ ದಿನಕ್ಕೆ ಹದಿಮೂರು ಹದಿನಾಲ್ಕು ಉಳಿತಾಯ. ಔಷಧಿ, ಸೋಡಾ, ಟ್ಯಾನಿನ್ ಎಲ್ಲ ಸೇರಿ ದಿನಕ್ಕೆ ನಾಲ್ಕೈದು ಟಿಕೆಟ್. ವಾಶೌಟ್ ಸೊನ್ನೆ. ಶನಿವಾರ ತಪ್ಪಿದ್ದು ಒಂದೂ ಇಲ್ಲ. ಏರಿನಲ್ಲಿ ಚಿಮಣಿಯಿಂದ ಒಂದು ಹನಿ ನೀರು ಬರಲಿಲ್ಲ. ಉಗಿ ಎಷ್ಟು ಒಣಗಿತ್ತು ಅಂದರೆ ಇಂಜಿನ್‌ನ ಸದ್ದೇ ಬೇರೆಯಾಯಿತು. ಹಳಬರು ಅದನ್ನು ಕಿವಿಯಿಂದಲೇ ಕಂಡುಹಿಡಿದರು.

ಓಟ ಇಲ್ಲದ ಐದು ದಿನ ಬಾಯ್ಲರ್ ತುಂಬ ಅದೇ ಕಂದು ನೀರು ಇರಲಿ ಅಂತ ಬಿಡುತ್ತೇವೆ. ಉಗಿ ಏರಿಸುವುದನ್ನೂ ನಿಧಾನ ಮಾಡಿದ್ದೇವೆ. ಹಿಂದಿನ ದಿನ ಮಧ್ಯಾಹ್ನವೇ ಸಣ್ಣ ಸೌದೆ ಬೆಂಕಿ. ಫೈರ್‌ಬಾಕ್ಸ್ ತಳದ ಫೌಂಡೇಶನ್ ರಿಂಗ್ ಮುಟ್ಟಿ ನೋಡಿ, ಅಲ್ಲಿ ಬೆಚ್ಚಗಾಗುವ ತನಕ ಕಲ್ಲಿದ್ದಲು ಹಾಕುವುದಿಲ್ಲ. ಮೇಲೆ ಕುದಿಯುತ್ತಿದ್ದರೂ ಕೆಳಗೆ ತಣ್ಣಗೇ ಇರುತ್ತದೆ, ಅಲ್ವಾ. ಶನಿವಾರ ರಾತ್ರಿ ಬೆಂಕಿಯನ್ನು ಬೂದಿ ಮುಚ್ಚಿ ಉಳಿಸಿಕೊಂಡು ಭಾನುವಾರಕ್ಕೆ ಅದನ್ನೇ ಎಬ್ಬಿಸುತ್ತೇವೆ.

ಇನ್ನೂ ಬಗೆಹರಿಯದ ಒಂದು ತೊಂದರೆ ಇದೆ. ಈ ಕ್ಷಾರದ ನೀರು ಗೇಜ್ ಗ್ಲಾಸ್ ಅನ್ನು ತಿನ್ನುತ್ತದೆ. ಗಾಜಿನ ಒಳಭಾಗ, ಮೇಲ್ತುದಿಯ ಹತ್ತಿರ, ಮಂಜಾಗಿ ತೆಳ್ಳಗಾಗುತ್ತದೆ. ಮೊದಲು ಸೀಸನ್‌ಗೊಂದು ಜೋಡಿ ಸಾಕಿತ್ತು, ಈಗ ಮೂರ್ನಾಲ್ಕು ಜೋಡಿ ಬೇಕು. ಎಂಟು ಓಟಕ್ಕೊಮ್ಮೆ, ಗಾಜು ಚೆನ್ನಾಗಿ ಕಂಡರೂ, ಬದಲಾಯಿಸುತ್ತೇವೆ. ಅದರಲ್ಲಿ ಉಳಿತಾಯ ನೋಡಬೇಡಿ.

ಕಳೆದ ತಿಂಗಳು ಹಿರಿಯ ಡ್ರೈವರ್ ಶೆಡ್‌ಗೆ ಬಂದಿದ್ದರು. ಸ್ಯಾಂಪಲ್ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಬಣ್ಣ ಸ್ವಲ್ಪ ತಿಳಿಯಾಗಿದೆಯಲ್ಲೋ, ಟ್ಯಾನಿನ್ ಹಾಕಿಲ್ವಾ?" ಅಂದರು. ಆ ದಿನ ನಿಜವಾಗಿಯೂ ಹಾಕಿರಲಿಲ್ಲ. ಡಬ್ಬಿ ತೆಗೆದು ಅವರ ಕೈಗೇ ಕೊಟ್ಟೆ.