ಬೆಳಗ್ಗೆ ತಣ್ಣಗಿದ್ದಾಗ ಮಾತ್ರ ಎಂಜಿನ್ ತೊದಲಿದರೆ

ಇಂಜೆಕ್ಷನ್ ಇರುವ ಪೆಟ್ರೋಲ್ ಕಾರು ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ನಡುಗಿ, ಬಿಸಿಯಾದ ಮೇಲೆ ಸರಿಹೋಗುತ್ತದೆಯೇ? ಮೊದಲು ನೋಡಬೇಕಾದ್ದು ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ಟೆಂಪರೇಚರ್ ಸೆನ್ಸರ್. ತಣ್ಣನೆಯ ಎಂಜಿನ್‌ಗೆ ಪೆಟ್ರೋಲ್ ಹೆಚ್ಚು ಬೇಕು. ಎಷ್ಟೆಂದು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ನಿರ್ಧರಿಸುವುದು ಮುಖ್ಯವಾಗಿ ಈ ಸೆನ್ಸರ್‌ನ ಮಾತು ಕೇಳಿ. ಸೆನ್ಸರ್ 'ಎಂಜಿನ್ ಬಿಸಿಯಾಗಿದೆ' ಎಂದು ಸುಳ್ಳು ಹೇಳಿದರೆ ಪೆಟ್ರೋಲ್ ಸಾಲದೆ ಎಂಜಿನ್ ತೊದಲುತ್ತದೆ.

ರಾತ್ರಿಯಿಡೀ ನಿಂತ ಕಾರಿಗೆ ಒಬಿಡಿ ಸ್ಕ್ಯಾನರ್ (ಇಸಿಯುನ ಮಾಹಿತಿ ಓದುವ ಸಾಧನ) ಹಾಕಿ, ಸ್ಟಾರ್ಟ್ ಮಾಡದೆ ಇಗ್ನಿಷನ್ ಆನ್ ಮಾಡಿ. ಕೂಲಂಟ್ ಮತ್ತು ಒಳಬರುವ ಗಾಳಿಯ ಉಷ್ಣಾಂಶ ಹೆಚ್ಚುಕಡಿಮೆ ಒಂದೇ ಇರಬೇಕು. ಹೊರಗೆ 18 ಡಿಗ್ರಿ, ಕೂಲಂಟ್ 50 ಎಂದರೆ ದೋಷ ಸೆನ್ಸರ್‌ನದ್ದು ಅಥವಾ ಅದರ ವೈರಿಂಗ್‌ನದ್ದು. ಮಲ್ಟಿಮೀಟರ್‌ನಲ್ಲಿ ಅಳೆದರೆ ಅನೇಕ ಸೆನ್ಸರ್‌ಗಳು 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80ರಲ್ಲಿ 300ರ ಆಸುಪಾಸು ತೋರಿಸುತ್ತವೆ; ನಿಮ್ಮ ಕಾರಿನ ಮ್ಯಾನ್ಯುಯಲ್‌ನ ಅಂಕಿಯೇ ಅಂತಿಮ.

ಸೆನ್ಸರ್ ಸರಿಯಿದ್ದರೆ ಗಾಳಿ ಸೋರಿಕೆ (ಎಂಜಿನ್‌ಗೆ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುವ ಜಾಗ) ಹುಡುಕಿ. ಗಟ್ಟಿಯಾದ ರಬ್ಬರ್ ವ್ಯಾಕ್ಯೂಮ್ ಪೈಪು ತಣ್ಣಗಿದ್ದಾಗ ಸೋರಿ, ಬಿಸಿಗೆ ಹಿಗ್ಗಿ ಮುಚ್ಚಿಕೊಳ್ಳಬಹುದು. ಹಾಗಾಗಿ ಈ ಪರೀಕ್ಷೆ ಎಂಜಿನ್ ತಣ್ಣಗಿರುವಾಗಲೇ ಆಗಬೇಕು. ಐಡ್ಲಿಂಗ್‌ನಲ್ಲಿ ಪೈಪುಗಳ ಕೀಲು, ಇನ್‌ಟೇಕ್ ಗ್ಯಾಸ್ಕೆಟ್ ಸುತ್ತ ಸೋಪು ನೀರು ಸಿಂಪಡಿಸಿ. ಆರ್‌ಪಿಎಂ ಬದಲಾದ ಜಾಗವೇ ಸೋರಿಕೆ. ಕಾರ್ಬ್ ಕ್ಲೀನರ್ ಸ್ಪ್ರೇಗೆ ಬೆಂಕಿ ಹತ್ತುತ್ತದೆ, ದಯವಿಟ್ಟು ಸೋಪು ನೀರಿನ ಬದಲು ಅದನ್ನು ಬಳಸಬೇಡಿ.

ಸೋರಿಕೆಯೂ ಇಲ್ಲದಿದ್ದರೆ ಥ್ರಾಟಲ್ ಬಾಡಿಯ (ಎಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ) ಮಸಿ ಒರೆಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಗ್ಯಾಪ್ ಅಳೆಯಿರಿ. ಒಂದೇ ಪ್ಲಗ್ ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ, ಆ ಸಿಲಿಂಡರ್‌ನ ಕಾಯಿಲ್ (ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಅನ್ನು ಪಕ್ಕದ ಸಿಲಿಂಡರ್‌ನ ಕಾಯಿಲ್ ಜೊತೆ ಅದಲುಬದಲು ಮಾಡಿ ನೋಡಿ: ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಕಾಯಿಲ್ ಜೊತೆಗೇ ಹೋದರೆ ಕಾಯಿಲ್ ಕೆಟ್ಟಿದೆ, ಅಲ್ಲೇ ಉಳಿದರೆ ಪ್ಲಗ್ ಅಥವಾ ಸೋರುವ ಇಂಜೆಕ್ಟರ್.