ಉಗಿ ಎಂಜಿನ್ ಜಾತ್ರೆ ನೋಡುವುದು ಹೇಗೆ? ಬೆಂಕಿ ಹಚ್ಚುವ ಹೊತ್ತಿಗೇ ಹೋಗಿ

ಬ್ರಿಟನ್‌ನಲ್ಲಿ ಬೇಸಿಗೆ ಬಂತೆಂದರೆ ಹಳ್ಳಿಗಾಡಿನ ಬಯಲುಗಳಲ್ಲಿ ಉಗಿ ಎಂಜಿನ್ ಜಾತ್ರೆಗಳು ಶುರುವಾಗುತ್ತವೆ. ಇಲ್ಲಿ ಮುಖ್ಯ ಆಕರ್ಷಣೆ ರೈಲಲ್ಲ. ಹೊಲ ಉತ್ತ, ಕಾಳು ಒಕ್ಕಿದ, ರಸ್ತೆ ಹಾಸಿದ, ದಿಮ್ಮಿ ಎಳೆದ ಎಂಜಿನ್‌ಗಳು. 1950ರಲ್ಲಿ ಆಪಲ್‌ಫರ್ಡ್ ಎಂಬ ಹಳ್ಳಿಯಲ್ಲಿ ಇಬ್ಬರು ಮಾಲೀಕರು ಒಂದು ಪೀಪಾಯಿ ಬಿಯರ್ ಪಣಕ್ಕಿಟ್ಟು ತಮ್ಮ ಎಂಜಿನ್‌ಗಳನ್ನು ಓಡಿಸಿದರು. ಗುಜರಿಗೆ ಹೋಗುತ್ತಿದ್ದ ಯಂತ್ರಗಳ ಕಡೆ ಜನ ಮತ್ತೆ ತಿರುಗಿ ನೋಡಲು ಆ ಪಂದ್ಯ ದೊಡ್ಡ ಕಾರಣವಾಯಿತು.

ಬಹಳ ಜನ ಮಧ್ಯಾಹ್ನ ಬಂದು, ಸಾಲಾಗಿ ನಿಂತ ಎಂಜಿನ್‌ಗಳ ಫೋಟೊ ತೆಗೆದು ಹೊರಟುಬಿಡುತ್ತಾರೆ. ಹಾಗೆ ನೋಡಿದರೆ ಅವು ಬರೀ ಕಬ್ಬಿಣ. ಒಂದೇ ಎಂಜಿನ್ ಆರಿಸಿಕೊಂಡು ಬೆಳಗಿನಿಂದ ಅದರ ಬೆನ್ನು ಹಿಡಿಯಿರಿ. ಉಳಿದವೆಲ್ಲ ತಾನಾಗಿ ಅರ್ಥವಾಗುತ್ತವೆ.

ಹೊರಡುವ ಮುನ್ನ

ಗಟ್ಟಿ ಬೂಟು, ಟೋಪಿ, ಕನ್ನಡಕ. ಬಿಳಿ ಬಟ್ಟೆ ಬೇಡ, ಮಸಿ ಬೀಳುತ್ತದೆ. ಜೊತೆಗೆ ಪುಟ್ಟ ಮಕ್ಕಳಿದ್ದರೆ ಅವರ ಕಿವಿಗೆ ಏನಾದರೂ ಇರಲಿ, ಸೀಟಿ ಸದ್ದು ಜೋರು.

ಬೆಳಿಗ್ಗೆ: ಬೆಂಕಿಯ ಪಕ್ಕ

ಗೇಟು ತೆಗೆಯುತ್ತಲೇ ಒಳಗೆ ಹೋಗಿ. ತಣ್ಣಗಿರುವ ಎಂಜಿನ್ ಕೆಲಸಕ್ಕೆ ಸಿದ್ಧವಾಗಲು ಎರಡು ಮೂರು ಗಂಟೆ ಬೇಕು, ದೊಡ್ಡದಕ್ಕೆ ಇನ್ನೂ ಜಾಸ್ತಿ. ಮೊದಲು ಎಣ್ಣೆ ಬಟ್ಟೆ, ಕಟ್ಟಿಗೆ. ಆಮೇಲೆ ಕಲ್ಲಿದ್ದಲು. ಒಂದು ಲೀಟರ್ ನೀರು ತೆರೆದ ಗಾಳಿಯಲ್ಲಿ ಉಗಿಯಾದರೆ ಸುಮಾರು 1,600 ಲೀಟರ್ ಜಾಗ ಬೇಡುತ್ತದೆ. ಬಾಯ್ಲರ್‌ನಲ್ಲಿ ಅದಕ್ಕೆ ಅಷ್ಟು ಜಾಗ ಎಲ್ಲಿದೆ? ಆ ಬಿಗಿಯೇ ಎಂಜಿನ್ನಿನ ಬಲ.

ಚಾಲಕ ಒತ್ತಡದ ಮುಳ್ಳಿಗಿಂತ ಹೆಚ್ಚಾಗಿ ನೋಡುವುದು ಒಂದು ಗಾಜಿನ ಕೊಳವೆಯನ್ನು. ಬಾಯ್ಲರ್‌ನಲ್ಲಿ ನೀರು ಎಷ್ಟಿದೆ ಎಂದು ಅದು ತೋರಿಸುತ್ತದೆ. ನೀರು ತೀರಾ ಇಳಿದರೆ ಬೆಂಕಿಗೂಡಿನ ಮೇಲ್ಭಾಗ ಕಾದು ಅಪಾಯ. ಅದಕ್ಕೇ ಅಲ್ಲಿ ಸೀಸ ತುಂಬಿದ ಬಿರಡೆ ಇರುತ್ತದೆ. ಹಾಗೇನಾದರೂ ಆದರೆ ಸೀಸ ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುತ್ತದೆ. ಚಾಲಕ ನೀರು ತುಂಬಿಸುವಾಗ ಮಾತಿಗೆಳೆಯಬೇಡಿ.

ಅವರ ಕೈ ಖಾಲಿಯಾದಾಗ ಕೇಳಿ: ಎಲ್ಲಿ ತಯಾರಾದದ್ದು? ಮೊದಲು ಏನು ಕೆಲಸ ಮಾಡುತ್ತಿತ್ತು? ಕೊಂಡಾಗ ಯಾವ ಸ್ಥಿತಿಯಲ್ಲಿತ್ತು? ಈ ಮೂರನೇ ಪ್ರಶ್ನೆಗೆ ಸಿಗುವ ಉತ್ತರ ಉದ್ದ, ಪೂರ್ತಿ ಕೇಳಿ. ತುಕ್ಕು ಹಿಡಿದ ರಾಶಿಯನ್ನು ವರ್ಷಗಟ್ಟಲೆ ದುಡಿದು ಮತ್ತೆ ನಡೆಸಿದವರು ಇವರು.

ಹೊರಡುವ ಗಳಿಗೆ

ಎಂಜಿನ್ ಹೊರಡುವಾಗ ಸಿಲಿಂಡರ್ ಬಳಿಯ ಸಣ್ಣ ನಲ್ಲಿಗಳಿಂದ ಬಿಳಿ ಉಗಿ ಬುಸ್ಸೆಂದು ನುಗ್ಗುತ್ತದೆ. ಇದು ಸುಮ್ನೆ ಪ್ರದರ್ಶನಕ್ಕಲ್ಲ. ತಣ್ಣನೆಯ ಸಿಲಿಂಡರ್‌ಗೆ ಬಂದ ಉಗಿ ನೀರಾಗುತ್ತದೆ. ನೀರನ್ನು ಅಮುಕಿ ಚಿಕ್ಕದು ಮಾಡಲಾಗದು. ಅದು ಒಳಗೆ ಸಿಕ್ಕಿಕೊಂಡರೆ ಸಿಲಿಂಡರ್ ಮುಚ್ಚಳವೇ ಒಡೆದೀತು. ಅದಕ್ಕೇ ಮೊದಲು ನೀರು ಹೊರಗೆ, ಆಮೇಲೆ ನಲ್ಲಿ ಬಂದ್.

ಈಗ ಕಿವಿ ಕೊಡಿ. ಛುಕ್, ಛುಕ್. ಕೆಲಸ ಮುಗಿಸಿದ ಉಗಿ ಚಿಮಣಿಯಿಂದ ಹೊರಬೀಳುವ ಸದ್ದು ಅದು. ಹೋಗುವಾಗ ಅದು ಹೊಗೆಯನ್ನೂ ಎಳೆದೊಯ್ಯುತ್ತದೆ, ಆ ಸೆಳೆತಕ್ಕೆ ಬೆಂಕಿಗೆ ಹೊಸ ಗಾಳಿ ಸಿಗುತ್ತದೆ. ಏರು ಸಿಕ್ಕಿತು ಅನ್ನಿ, ಸದ್ದು ಜೋರಾಗುತ್ತದೆ, ಸೆಳೆತ ಹೆಚ್ಚುತ್ತದೆ, ಬೆಂಕಿ ಕೆರಳುತ್ತದೆ, ಉಗಿಯೂ ಜಾಸ್ತಿ ಹುಟ್ಟುತ್ತದೆ. ದುಡಿದಷ್ಟೂ ತನಗೆ ಬೇಕಾದ ಬಲವನ್ನು ತಾನೇ ಹುಟ್ಟಿಸಿಕೊಳ್ಳುವ ಯಂತ್ರ! ಇಡೀ ಜಾತ್ರೆಯಲ್ಲಿ ನನಗೆ ಇದಕ್ಕಿಂತ ಸೊಗಸಾದದ್ದು ಕಾಣುವುದಿಲ್ಲ.

ಮಧ್ಯಾಹ್ನ: ಕೆಲಸ ಮಾಡುವಲ್ಲಿ

ಅಖಾಡದ ಮೆರವಣಿಗೆ ಚೆನ್ನ. ಆದರೆ ಒಂದನ್ನೇ ನೋಡಲು ಸಮಯವಿದ್ದರೆ ಉಳುಮೆಯ ಹೊಲಕ್ಕೆ ಹೋಗಿ. ಲೀಡ್ಸ್‌ನ ಫೌಲರ್ ಕಂಪನಿ ಹೆಸರು ಮಾಡಿದ್ದೇ ಈ ಪದ್ಧತಿಯಲ್ಲಿ. ಹೊಲದ ಎರಡು ಬದಿಗೆ ಎರಡು ಎಂಜಿನ್. ಪ್ರತಿಯೊಂದರ ಹೊಟ್ಟೆಯ ಕೆಳಗೆ ಉಕ್ಕಿನ ಹಗ್ಗ ಸುತ್ತಿದ ದೊಡ್ಡ ರಾಟೆ. ನಡುವೆ ನೇಗಿಲು. ಒಂದು ಎಳೆದರೆ ಇನ್ನೊಂದು ಹಗ್ಗ ಬಿಡುತ್ತದೆ, ಆಮೇಲೆ ಅದಲು ಬದಲು. ಭಾರದ ಎಂಜಿನ್ ಹೊಲಕ್ಕೆ ಇಳಿಯುವುದೇ ಇಲ್ಲ, ಮಣ್ಣು ಅದುಮಿ ಹೋಗುವುದಿಲ್ಲ. ಎಷ್ಟು ಜಾಣ ಉಪಾಯ ಅಲ್ವಾ? ಬಿಗಿಯಾದ ಹಗ್ಗದಿಂದ ಮಾತ್ರ ದೂರ ನಿಲ್ಲಿ.

ಒಕ್ಕಣೆ ಯಂತ್ರದ ಬಳಿಯೂ ಅಷ್ಟೇ. ಉದ್ದನೆಯ ಬೆಲ್ಟ್ ಓಡುತ್ತಿರುವಾಗ ಹಗ್ಗ ಕಟ್ಟಿದ ಗಡಿ ದಾಟಬೇಡಿ, ಮಕ್ಕಳ ಕೈ ಬಿಡಬೇಡಿ. ಹೊಳೆಯುವ ಹಿತ್ತಾಳೆ ಮುಟ್ಟಬೇಕೆನಿಸುತ್ತದೆ, ಮುಟ್ಟಬೇಡಿ, ಸುಡುತ್ತದೆ. ರೋಡ್ ರೋಲರ್‌ಗಳ ಮುಂದೆ ಹಿಂಗಾಲ ಮೇಲೆ ನಿಂತ ಹಿತ್ತಾಳೆ ಕುದುರೆ ಕಂಡರೆ ಅದು ಅವೆಲಿಂಗ್ ಅಂಡ್ ಪೋರ್ಟರ್ ಕಂಪನಿಯದು. ಕೆಂಟ್ ಪ್ರಾಂತ್ಯದ ಲಾಂಛನ ಆ ಕುದುರೆ.

ಕತ್ತಲಾಗುವವರೆಗೆ ಇರಿ

ಥೆಟ್‌ಫರ್ಡ್‌ನ ಬರೆಲ್‌ನಂಥ ಕಂಪನಿಗಳು ಜಾತ್ರೆ ನಡೆಸುವವರಿಗೆಂದೇ ಕಟ್ಟಿದ ಎಂಜಿನ್‌ಗಳಿವೆ. ತಿರುಚಿದ ಹಿತ್ತಾಳೆ ಕಂಬ, ಉದ್ದ ಚಾವಣಿ, ಚಿಮಣಿಯ ಮುಂದೆ ಡೈನಮೊ. ಹಗಲು ಗಾಡಿ ಎಳೆದು, ರಾತ್ರಿ ಜಾತ್ರೆಗೆ ಕರೆಂಟ್ ಕೊಡುವುದು ಇವುಗಳ ಕೆಲಸ. ಬಲ್ಬುಗಳು ಹೊತ್ತಿಕೊಂಡ ಮೇಲೆ ಹತ್ತಿರ ನಿಂತು ನೋಡಿ. ಆಟದ ಚಕ್ರ ಶುರುವಾದಾಗ ಹೊರೆ ಏರುತ್ತದೆ, ಎಂಜಿನ್ನಿನ ಸದ್ದು ತಕ್ಷಣ ಗಡಸಾಗುತ್ತದೆ.

ವಾಪಸ್ ಹೊರಡಲು ಟಾರ್ಚ್ ಬೇಕು. ಗಾಡಿ ನಿಲ್ಲಿಸುವುದು ಬಯಲಲ್ಲಿ, ಚಕ್ರಗಳು ಕೊರೆದ ಹಳ್ಳಗಳು ಕತ್ತಲಲ್ಲಿ ಕಾಣುವುದಿಲ್ಲ.