ನಾಯಿ ಕಚ್ಚಿದರೆ ಮೊದಲು ಬಚ್ಚಲು, ಆಮೇಲೆ ಆಸ್ಪತ್ರೆ

ಉಡುಪಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಚುಚ್ಚುಮದ್ದಿನ ಕೋಣೆಯಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದಾದಿಯಾಗಿದ್ದೆ. ನಾಯಿ ಕಚ್ಚಿಸಿಕೊಂಡು ಬಂದವರ ಗಾಯದ ಮೇಲೆ ಅರಿಶಿನ ನೋಡಿದ್ದೇನೆ, ಮೆಣಸಿನ ಹುಡಿ, ಕಾಫಿ ಹುಡಿ, ತೆಂಗಿನೆಣ್ಣೆ, ಎಲೆಯಡಿಕೆಗೆ ಇಟ್ಟ ಸುಣ್ಣ ಎಲ್ಲವನ್ನೂ ನೋಡಿದ್ದೇನೆ. ಸೋಪು ಹಾಕಿ ತೊಳೆದ ಗಾಯ ಮಾತ್ರ ಅಪರೂಪ. ಕೇಳಿದರೆ, "ತೊಳೆದಿದ್ದೇವೆ ಸಿಸ್ಟರ್, ಆಗಲೇ ಒಂದು ಚೊಂಬು ನೀರು ಹಾಕಿದೆವು" ಎನ್ನುತ್ತಾರೆ. ಒಂದು ಚೊಂಬು ನೀರು ಯಾವುದಕ್ಕೂ ಸಾಲದು. ಈ ಲೇಖನದ ಹೆಚ್ಚಿನ ಪಾಲು ಆ ಕಾರಣಕ್ಕೇ ತೊಳೆಯುವುದರ ಬಗ್ಗೆ ಇದೆ.

ರೋಗ ಬರುವ ದಾರಿ

ರೇಬೀಸ್ ವೈರಸ್ ಇರುವುದು ರೋಗ ತಗಲಿದ ಪ್ರಾಣಿಯ ಜೊಲ್ಲಿನಲ್ಲಿ. ಹಲ್ಲು ಊರಿದಾಗ ಜೊಲ್ಲು ಚರ್ಮ ದಾಟಿ ಮಾಂಸಕ್ಕೆ ಇಳಿಯುತ್ತದೆ. ಅಲ್ಲಿ ನರದ ತುದಿ ಸಿಕ್ಕಿದರೆ ವೈರಸ್ ಅದರೊಳಗೆ ಸೇರಿಕೊಂಡು ಮೆಲ್ಲಗೆ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಏರುತ್ತದೆ. ಅದು ಹೋಗುವುದು ನರದ ದಾರಿಯಲ್ಲಿ, ರಕ್ತದಲ್ಲಲ್ಲ. ಹಾಗಾಗಿ ಗಾಯದ ಮೇಲ್ಭಾಗಕ್ಕೆ ಬಟ್ಟೆ ಬಿಗಿದು ಕಟ್ಟುವುದರಿಂದ ಏನೂ ತಡೆಯುವುದಿಲ್ಲ. ಹಾವು ಕಚ್ಚಿದವರಿಗೆ ಹಾಗೆ ಬಿಗಿಯುತ್ತಾರಲ್ಲ, ಅದೂ ತಪ್ಪೇ.

ಕಚ್ಚಿದ ಮೇಲೆ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಒಂದೇ ವಾರದಲ್ಲಿ ಕಾಣಿಸಿದ್ದೂ ಇದೆ, ವರ್ಷ ಕಳೆದದ್ದೂ ಇದೆ. ಮುಖ, ತಲೆ, ಕುತ್ತಿಗೆಗೆ ಕಚ್ಚಿದರೆ ಮಿದುಳು ಹತ್ತಿರವಾದ್ದರಿಂದ ಸಮಯ ಕಡಿಮೆ. ಮಕ್ಕಳ ಎತ್ತರಕ್ಕೆ ನಾಯಿಯ ಬಾಯಿ ಸಿಕ್ಕುವುದು ಹೆಚ್ಚಾಗಿ ಅಲ್ಲಿಗೇ. ನೀರು ಕಂಡರೆ ಗಂಟಲು ಸೆಳೆಯುವ ಹಂತಕ್ಕೆ ಬಂದ ಮೇಲೆ ಯಾವ ಔಷಧವೂ ಇಲ್ಲ. ದೇಶದಲ್ಲಿ ವರ್ಷಕ್ಕೆ ಸುಮಾರು 5,700 ಮಂದಿ ಹೀಗೆ ಸಾಯುತ್ತಾರೆ ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂದಾಜು. ಸಕಾಲದಲ್ಲಿ ಮದ್ದು ಸಿಕ್ಕಿದರೆ ತಪ್ಪಿಸಬಹುದಾದ ಸಾವುಗಳಿವು.

ಮನುಷ್ಯರಿಗೆ ಈ ರೋಗ ಬರುವುದು ಬಹುಪಾಲು ನಾಯಿಯಿಂದ. ಬೆಕ್ಕು, ಮಂಗ, ಮುಂಗುಸಿ, ನರಿಗಳಿಂದಲೂ ಬರಬಹುದು. ಮನೆಯ ಇಲಿ ಅಥವಾ ಅಳಿಲು ಕಚ್ಚಿದರೆ ಸಾಮಾನ್ಯವಾಗಿ ರೇಬೀಸಿನ ಭಯ ಬೇಡ.

ನಮ್ಮ ಕಡೆ ಮರೆತುಹೋಗುವುದು ಹಟ್ಟಿಯ ದನ. ಹುಚ್ಚುನಾಯಿ ಕಚ್ಚಿದ ದನ ಕೆಲವು ವಾರಗಳ ಬಳಿಕ ಮೇವು ಬಿಡುತ್ತದೆ, ಒಂದೇ ಸಮನೆ ಕೂಗುತ್ತದೆ, ನುಂಗಲಾರದೆ ಜೊಲ್ಲು ಸುರಿಸುತ್ತದೆ. ಮನೆಯವರು ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಬಾಯಿಗೆ ಕೈ ಹಾಕಿ ತಡಕುತ್ತಾರೆ. ಅಡಿಕೆ ಸುಲಿದು ಗೀರು ಬಿದ್ದ ಕೈ ಅದು! ಹೀಗೆ ಕೈ ಹಾಕಿ, ಆಮೇಲೆ ಪಶುವೈದ್ಯರ ಮಾತು ಕೇಳಿ ಬೆಚ್ಚಿ, ಮನೆಮಂದಿಯೆಲ್ಲ ಒಟ್ಟಾಗಿ ಚುಚ್ಚುಮದ್ದಿಗೆ ಬಂದ ಒಂದು ಕುಟುಂಬ ನನಗೆ ಇಂದಿಗೂ ನೆನಪಿದೆ. ಜೊಲ್ಲು ಸುರಿಸುವ ದನದ ಬಾಯಿಗೆ ಕೈ ಹಾಕಬೇಡಿ, ಅದರ ಹಾಲನ್ನೂ ಕರೆಯಬೇಡಿ. ಮೊದಲು ಪಶುವೈದ್ಯರನ್ನು ಕರೆಸಿ.

ತೊಳೆಯುವ ಕ್ರಮ

ಸೋಪು ಇಲ್ಲಿ ಬರೀ ಕೊಳೆ ತೆಗೆಯುವುದಕ್ಕಲ್ಲ. ಈ ವೈರಸ್ಸಿನ ಹೊರ ಹೊದಿಕೆ ಕೊಬ್ಬಿನದು. ಮೀನು ಹುರಿದ ಬಾಣಲೆಯ ಜಿಡ್ಡನ್ನು ಸೋಪು ಬಿಡಿಸುವಂತೆ ಆ ಹೊದಿಕೆಯನ್ನೂ ಒಡೆಯುತ್ತದೆ, ವೈರಸ್ ನಿಷ್ಕ್ರಿಯವಾಗುತ್ತದೆ. ಅದು ನರಕ್ಕೆ ಸೇರುವ ಮೊದಲು ಈ ಕೆಲಸ ಆಗಬೇಕು. ಆಸ್ಪತ್ರೆ ಹದಿನೈದು ಕಿಲೋಮೀಟರ್ ದೂರವಿದ್ದರೆ ರಿಕ್ಷಾ ಬರುವುದರೊಳಗೆ ತೊಳೆದು ಮುಗಿಸಬಹುದು.

ಗಾಯಾಳುವನ್ನು ಬಚ್ಚಲಿನಲ್ಲೋ ಬಾವಿಕಟ್ಟೆಯ ಬಳಿಯೋ ಕೂರಿಸಿ. ನಳ್ಳಿ ಇದ್ದರೆ ಅದರ ಕೆಳಗೆ ಗಾಯ ಹಿಡಿಯಿರಿ. ಇಲ್ಲವಾದರೆ ಒಬ್ಬರು ಕೊಡಪಾನದಿಂದ ಎಡೆಬಿಡದೆ ನೀರು ಸುರಿಯಲಿ, ಇನ್ನೊಬ್ಬರು ಸೋಪು ಹಾಕಲಿ. ಬಕೆಟಿನೊಳಗೆ ಕಾಲು ಅದ್ದಿ ಕೂರುವುದು ತೊಳೆದಂತಲ್ಲ, ನೀರು ಹರಿದು ಹೋಗಬೇಕು. ತೊಳೆಯುವವರ ಕೈಯಲ್ಲಿ ಗೀರು ಗಾಯ ಇದ್ದರೆ ಕೈಗವಸು ಬೇಕು, ಸಿಗದಿದ್ದರೆ ಶುದ್ಧವಾದ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ತೊಟ್ಟುಕೊಳ್ಳಲಿ.

ಯಾವ ಸೋಪಾದರೂ ನಡೆಯುತ್ತದೆ. ನನ್ನ ಆಯ್ಕೆ ಬಟ್ಟೆ ಒಗೆಯುವ ಬಾರ್ ಸೋಪು. ಅದು ಎಲ್ಲ ಮನೆಯಲ್ಲೂ ಇರುತ್ತದೆ, ಅದನ್ನು ಮುಗಿಯುವವರೆಗೆ ಬಳಸಲು ಯಾರೂ ಹಿಂಜರಿಯುವುದಿಲ್ಲ. ನೊರೆ ಬರಿಸಿ ಗಾಯದೊಳಗೆ ಹೋಗುವಂತೆ ಹಾಕಿ, ನೀರು ಬಿಡಿ, ಮತ್ತೆ ನೊರೆ, ಮತ್ತೆ ನೀರು. ನಾಯಿಗೆ ಮೇಲೆ ಕೆಳಗೆ ಎರಡು ಸಾಲು ಹಲ್ಲು. ಮೀನಖಂಡದ ಹಿಂದೆ ದೊಡ್ಡ ಗಾಯ ಕಂಡರೆ ಮುಂದೆ ಸೂಜಿಮೊನೆಯಷ್ಟು ತೂತು ಇದ್ದೀತು. ಬೆಳಕಿಗೆ ಹಿಡಿದು ಹುಡುಕಿ, ಒಂದೊಂದನ್ನೂ ಬೇರೆಬೇರೆಯಾಗಿ ತೊಳೆಯಿರಿ. ಬೆಕ್ಕಿನ ಹಲ್ಲಿನ ತೂತು ಸಣ್ಣದು, ಆದರೆ ಆಳ. ಅದರ ಬಾಯಿಯನ್ನು ಬೆರಳಿನಿಂದ ತುಸು ಅಗಲಿಸಿ ಹಿಡಿದು ನೀರು ಒಳಗೆ ಹೋಗಗೊಡಿ. ಬ್ರಷ್, ತೆಂಗಿನ ನಾರು ಹಾಕಿ ಉಜ್ಜಬೇಡಿ, ಹೊಸ ಗೀರುಗಳಾಗುತ್ತವೆ.

ಇದನ್ನು ಹದಿನೈದು ನಿಮಿಷ ಮಾಡಬೇಕು. ಮೊಬೈಲಿನಲ್ಲಿ ಅಲಾರಾಂ ಇಡಿ. ಅಂದಾಜಿಗೆ ಬಿಟ್ಟರೆ ಎರಡನೆಯ ನಿಮಿಷಕ್ಕೇ "ಸಾಕು" ಎನ್ನಿಸುತ್ತದೆ. ಆಕಾಶವಾಣಿಯಲ್ಲಿ ಮೂರು ಚಿತ್ರಗೀತೆ ಮುಗಿಯುವಷ್ಟು ಹೊತ್ತು ಅದು. ಮಗು ಅಳುತ್ತದೆ, ಅಜ್ಜಿ "ಬಿಡು ಮಾರಾಯ, ನೋವಾಗುತ್ತದೆ ಅದಕ್ಕೆ" ಎನ್ನುತ್ತಾರೆ. ಬಿಡಬೇಡಿ. ಕಚ್ಚಿ ಅರ್ಧ ದಿನವಾಗಿದ್ದರೂ, ಮೊದಲು ಸರಿಯಾಗಿ ತೊಳೆದಿರದಿದ್ದರೆ ಈಗ ತೊಳೆಯಿರಿ.

ಆಮೇಲೆ ಪೊವಿಡೋನ್ ಅಯೋಡಿನ್ ಇದ್ದರೆ ಹಚ್ಚಿ, ಇಲ್ಲದಿದ್ದರೆ ಹಾಗೆಯೇ ಹೊರಡಿ. ಸೋಪು ಬಿಟ್ಟು ನೇರವಾಗಿ ಬಾಟಲಿಯ ಔಷಧ ಸುರಿಯುವ ಅಡ್ಡದಾರಿ ಬೇಡ. ಅಂತರ್ಜಾಲದಲ್ಲಿ ಮಾರುವ "ವಿಷ ಹೀರುವ ಪಂಪು" ನಾಯಿ ಕಡಿತಕ್ಕೆ ನಿರುಪಯುಕ್ತ, ಅದಕ್ಕೆ ಹಣ ಹಾಕಬೇಡಿ. ಸುಣ್ಣ, ಮೆಣಸು ಗಾಯವನ್ನು ಕೆರಳಿಸುತ್ತವೆ. ನೂಲು ಕಟ್ಟಿಸುವ ನಂಬಿಕೆ ಇರುವವರು ಆಸ್ಪತ್ರೆಯಿಂದ ಬಂದ ಮೇಲೆ ಕಟ್ಟಿಸಿಕೊಳ್ಳಲಿ.

ಆಸ್ಪತ್ರೆಯಲ್ಲಿ

ಮಂಗಳೂರಿನವರಿಗೆ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ. ರಕ್ತ ಬಾರದ ಗೀರಾದರೆ ಲಸಿಕೆ ಮಾತ್ರ. ರಕ್ತ ಬಂದಿದ್ದರೆ, ಕಣ್ಣು ಬಾಯಿಗಳಿಗೆ ಅಥವಾ ಇದ್ದ ಗಾಯಕ್ಕೆ ಜೊಲ್ಲು ತಾಗಿದ್ದರೆ ಲಸಿಕೆಯ ಜೊತೆಗೆ ಸೀರಂ, ಅಂದರೆ ಸಿದ್ಧ ಪ್ರತಿಕಾಯಗಳಿರುವ ಚುಚ್ಚುಮದ್ದು ಕೂಡ ಬೇಕು. ಲಸಿಕೆಯಿಂದ ದೇಹ ತಾನೇ ಪ್ರತಿಕಾಯ ತಯಾರಿಸಲು ಒಂದೆರಡು ವಾರ ಹಿಡಿಯುತ್ತದೆ, ಆ ನಡುವಿನ ಕಾವಲು ಸೀರಂ. ಅದನ್ನು ಗಾಯದೊಳಗೆ ಮತ್ತು ಸುತ್ತ ಚುಚ್ಚಬೇಕು. ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. "ಎಲ್ಲವನ್ನೂ ತೋಳಿಗೇ ಕೊಡಿ ಸಿಸ್ಟರ್" ಎಂದು ಗೋಗರೆದವರು ಎಷ್ಟೋ ಮಂದಿ. ತೋಳಿಗೆ ಕೊಟ್ಟರೆ ಕಾವಲು ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಸಣ್ಣ ಕೇಂದ್ರಗಳಲ್ಲಿ ಸೀರಂ ಇಲ್ಲದಿರಬಹುದು, ಹೊರಡುವ ಮೊದಲು ಫೋನ್ ಮಾಡಿ ಕೇಳಿ. ಕೂಡಲೇ ಹೊಲಿಗೆ ಹಾಕಿ ಎಂದು ಒತ್ತಾಯಿಸಬೇಡಿ.

ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುವ ಕಾಲ ಎರಡು ದಶಕಗಳ ಹಿಂದೆಯೇ ಮುಗಿದಿದೆ. ಈಗ ಲಸಿಕೆ ತೋಳಿಗೆ, ಪುಟ್ಟ ಮಕ್ಕಳಿಗೆ ತೊಡೆಗೆ. ಪೃಷ್ಠಕ್ಕೆ ಕೊಡುವಂತಿಲ್ಲ. ಗರ್ಭಿಣಿಯರೂ ಬಾಣಂತಿಯರೂ ತೆಗೆದುಕೊಳ್ಳಬಹುದು. ಪಥ್ಯವೇನೂ ಇಲ್ಲ, ಮೀನು ತಿನ್ನಬಹುದು. ನನ್ನ ಕೋಣೆಯಲ್ಲಿ ಅತಿ ಹೆಚ್ಚು ಕೇಳಿದ ಪ್ರಶ್ನೆ ಅದು.

ಮೊದಲ ಚುಚ್ಚುಮದ್ದಿನ ದಿನವನ್ನು ಸೊನ್ನೆ ಎಂದು ಹಿಡಿಯುತ್ತಾರೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7, 28ನೇ ದಿನ. ಮಾಂಸಖಂಡಕ್ಕೆ ಕೊಡುವುದಾದರೆ 0, 3, 7, 14, 28. ಗೋಡೆಯ ಕ್ಯಾಲೆಂಡರಿನಲ್ಲಿ ಅಂದೇ ಗುರುತು ಹಾಕಿ. ರಜೆಗೆ ಊರಿಗೆ ಬಂದ ಮುಂಬೈಯವರು ಎರಡು ಡೋಸ್ ಮುಗಿಸಿ ರೈಲು ಹತ್ತಿ, ಉಳಿದದ್ದನ್ನು ಮರೆಯುತ್ತಾರೆ. ಚೀಟಿ ಜೊತೆಗಿದ್ದರೆ ಅಲ್ಲಿಯೂ ಮುಂದುವರಿಸಬಹುದು.

ನಾಯಿಯ ವಿಷಯ

ಹೊಡೆದು ಕೊಲ್ಲಬೇಡಿ. ಜೊಲ್ಲಿನಲ್ಲಿ ವೈರಸ್ ಬರುವ ಹೊತ್ತಿಗೆ ನಾಯಿಯ ಅಂತ್ಯ ಸಮೀಪಿಸಿರುತ್ತದೆ. ಹತ್ತು ದಿನ ಕಳೆದ ಮೇಲೂ ಅದು ಆರೋಗ್ಯವಾಗಿದ್ದರೆ ಕಚ್ಚಿದ ದಿನ ಅದರಿಂದ ರೋಗ ಹರಡಿಲ್ಲ ಎಂದರ್ಥ. ಈ ಲೆಕ್ಕ ನಾಯಿ ಬೆಕ್ಕುಗಳಿಗೆ ಮಾತ್ರ. ಆದರೆ ಹತ್ತು ದಿನ ನೋಡಿ ಆಮೇಲೆ ಲಸಿಕೆ ಹಾಕಿಸಿಕೊಳ್ಳೋಣ ಎಂದು ಕಾಯಬಾರದು. ಲಸಿಕೆ ಮೊದಲ ದಿನವೇ ಶುರುವಾಗಬೇಕು. ನಾಯಿ ಬದುಕಿದ್ದರೆ ಉಳಿದ ಡೋಸುಗಳನ್ನು ಏನು ಮಾಡಬೇಕೆಂದು ವೈದ್ಯರು ಹೇಳುತ್ತಾರೆ. ಮಲ್ಪೆ ಬಂದರಿನ ನಾಯಿಯೋ, ಬಯಲಾಟ ಮುಗಿಸಿ ಬೈಕಿನಲ್ಲಿ ಬರುವಾಗ ಅಟ್ಟಿಸಿಕೊಂಡು ಬಂದ ನಾಯಿಯೋ ಆದರೆ ಹುಡುಕಿ ಸಿಗುವುದಿಲ್ಲ. ಆಗ ಎಲ್ಲ ಡೋಸುಗಳನ್ನೂ ಪೂರ್ತಿ ತೆಗೆದುಕೊಳ್ಳಿ.

ಮರಿ ಕಚ್ಚಿದರೆ ಏನೂ ಆಗುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಮೂರು ತಿಂಗಳಿಗೆ ಮರಿಗೆ ಮೊದಲ ಲಸಿಕೆ ಹಾಕಿಸಿ. ಅದಕ್ಕೂ ಮೊದಲು ಅದು ಮಗುವಿನ ಕೈಗೆ ಹಲ್ಲು ತಾಗಿಸಿದರೆ, ಬಚ್ಚಲಿಗೆ ಹೋಗಿ ನಳ್ಳಿ ಬಿಡಿ.